ಮರದ ಆನೆಗೆ ನಿಜವಾದ ದಂತ: ಅರಣ್ಯ ಸಚಿವರಿಗೆ ಮೈಸೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ನಾನು ಮೈಸೂರಿನ ಮಂಡಿ ಮೊಹಲ್ಲಾದವನು. ಬೀಟೆ ಮರದ ಮೇಲೆ ಇನ್‌ಲೇ ಕೆಲಸ ಮಾಡುತ್ತೇನೆ, ಅಂದರೆ ಹಲಗೆಯೊಳಗೆ ಬೇರೆ ಬೇರೆ ಮರದ ತುಂಡು ಕೂರಿಸಿ ಚಿತ್ರ ಮಾಡುವ ಕೆಲಸ. ನಮ್ಮ ಅಬ್ಬಾ ಇದೇ ಕೆಲಸ ಮಾಡಿದರು, ಅವರ ಅಬ್ಬಾ ಮಾಡಿದ್ದೂ ಇದನ್ನೇ. ನೀವು ಸಮಾರಂಭಗಳಿಗೆ ಹೋದಾಗ ಶಾಲು ಹೊದಿಸಿ ಕೈಗೊಂದು ಕಪ್ಪು ಮರದ ಫಲಕ ಕೊಡುತ್ತಾರಲ್ಲ, ಜಂಬೂ ಸವಾರಿಯ ಚಿತ್ರ ಇರುತ್ತದಲ್ಲ, ಅದು ನಮ್ಮ ಕೆಲಸ. ಅಥವಾ ನಮ್ಮ ಕೆಲಸ ಅಂತ ಹೇಳಿ ಕೊಡುವ ಸಾಮಾನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಪತ್ರ ಬರೆಯುವುದಕ್ಕೆ ಕಾರಣ ಒಂದು ಬಿಸ್ಕೆಟ್ ಡಬ್ಬಿ.

ಅಬ್ಬಾ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯನ್ನು ನಾವು ಯಾರೂ ಮುಟ್ಟಿರಲಿಲ್ಲ. ಒಳಗೆ ಉಳಿ, ಅರ, ಹಳೇ ಗರಗಸದ ಬ್ಲೇಡು ಇರುತ್ತವೆ ಅಂದುಕೊಂಡಿದ್ದೆವು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಗಲಾಟೆ ಶುರುವಾಯಿತು. ಟಿವಿ ಹಾಕಿದರೆ ಅದೇ ಸುದ್ದಿ. ಯಾರ ಕೊರಳಲ್ಲಿ ಉಗುರಿದೆ, ಯಾರ ಮನೆ ಗೋಡೆಯಲ್ಲಿ ಜಿಂಕೆ ಕೊಂಬಿದೆ ಅಂತ ಊರೆಲ್ಲ ಮಾತು. ಆವತ್ತು ರಾತ್ರಿ ನನ್ನ ಹೆಂಡತಿ, 'ಮಾವನ ಪೆಟ್ಟಿಗೆ ಒಂದ್ಸಲ ನೋಡಿಬಿಡಿ' ಅಂದಳು. ನೋಡಿದೆ. ಎಲ್ಲಕ್ಕಿಂತ ಕೆಳಗೆ, ಹಳೇ ಬನಿಯನ್ ಸುತ್ತಿದ ಡಬ್ಬಿ. ಅದರೊಳಗೆ ಹಳದಿ ತಿರುಗಿದ ಬಿಳಿ ಚೂರುಗಳು. ಕೆಲವು ಉಗುರಿನಷ್ಟು, ಕೆಲವು ಬೆರಳಿನಷ್ಟು. ಅವುಗಳ ನಡುವೆ ಒಂದು ಪುಟ್ಟ ಔಷಧಿ ಶೀಷೆ. ಶೀಷೆಯ ತುಂಬ ಅಕ್ಕಿಕಾಳಿನಷ್ಟು ದಪ್ಪದ, ತುದಿ ಸ್ವಲ್ಪ ಬಾಗಿದ ಸಣ್ಣ ಸಣ್ಣ ತುಂಡುಗಳು.

ನೋಡಿದ ತಕ್ಷಣ ಗೊತ್ತಾಯಿತು. ಆನೆಗಳಿಗೆ ಕೂರಿಸಲು ಕೊರೆದಿಟ್ಟ ದಂತಗಳು. ಫಲಕದ ಮೇಲಿನ ಮರದ ಆನೆಗೆ ಇಡುವ ದಂತವನ್ನು ನಿಜವಾದ ಆನೆಯ ದಂತದಿಂದಲೇ ಮಾಡುತ್ತಿದ್ದೆವು, ಮಾನ್ಯರೇ. ಹದಿಮೂರನೇ ವಯಸ್ಸಿಗೆ ಅಬ್ಬಾನ ಪಕ್ಕ ಕೂತು ಕೆಲಸ ಕಲಿಯುವಾಗ ನನಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ. ಆ ರಾತ್ರಿ ಶೀಷೆಯನ್ನು ಬೆಳಕಿಗೆ ಹಿಡಿದಾಗ ಕಂಡಿತು.

ಕೆಲಸದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇಲ್ಲದಿದ್ದರೆ ನಾನು ಏನು ಕೇಳುತ್ತಿದ್ದೇನೆ ಅನ್ನುವುದು ಅರ್ಥವಾಗುವುದಿಲ್ಲ. ಮೊದಲು ಕಾಗದದ ಮೇಲೆ ಚಿತ್ರ. ಚಿತ್ರದ ಒಂದೊಂದು ಭಾಗಕ್ಕೂ ಬೇರೆ ಬೇರೆ ಮರ: ಹಳದಿಗೆ ಹಲಸು, ಬಿಳಿಗೆ ಹಾಲೆ, ಕಂದು ಬೇಕಾದರೆ ತೇಗ. ದಾರದಷ್ಟು ತೆಳು ಗರಗಸದಲ್ಲಿ ತುಂಡುಗಳನ್ನು ಕೊಯ್ಯುತ್ತೇವೆ. ಒಂದರ ಪಕ್ಕ ಒಂದು ಜೋಡಿಸಿ ಬೀಟೆ ಹಲಗೆಯ ಮೇಲಿಟ್ಟು, ಸುತ್ತ ಮೊನೆಯಿಂದ ಗೆರೆ ಎಳೆದು, ಆ ಗೆರೆಯೊಳಗಿನ ಮರವನ್ನು ಉಳಿಯಿಂದ ತೆಗೆದು, ಅಲ್ಲಿ ತುಂಡುಗಳನ್ನು ಅಂಟಿನಲ್ಲಿ ಕೂರಿಸಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೂ ಪಾಲಿಶ್ ಮಾಡಿದ ಮೇಲೆ ಎದ್ದು ಕಾಣುತ್ತದೆ. ಮುಖ, ಕೈ, ಅಂಬಾರಿಯ ಕುಸುರಿ ಇವಕ್ಕೆ ಹಿಂದೆ ದಂತ ಬಳಸುತ್ತಿದ್ದರು. ದಂತ ಅಂಟಿಸಿದ ಮೇಲೆ ಅದರ ಮೇಲೆ ಸೂಜಿಯಂಥ ಉಳಿಯಿಂದ ಕಣ್ಣು, ಹುಬ್ಬು, ಸೀರೆಯ ನೆರಿಗೆ ಕೊರೆದು ಕಪ್ಪು ತುಂಬುತ್ತಿದ್ದರು. ಗೀತೋಪದೇಶದ ರಥದಲ್ಲಿ ಕೃಷ್ಣನ ಮುಖ ಕೊರೆಯುವಾಗ ಅಬ್ಬಾ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಉಸಿರೂ ಕಮ್ಮಿ ಬಿಡುತ್ತಿದ್ದರು ಅನಿಸುತ್ತಿತ್ತು.

ಸುಳ್ಳು ಹೇಳುವುದಿಲ್ಲ. ದಂತ ಬಹಳ ಒಳ್ಳೆಯ ಸಾಮಾನು. ಮರಕ್ಕೆ ಇರುವಂಥ ಎಳೆ ಅದಕ್ಕಿಲ್ಲ, ಹಾಗಾಗಿ ಉಳಿ ಯಾವ ಕಡೆ ತಿರುಗಿಸಿದರೂ ತಿರುಗುತ್ತದೆ. ಒಳಗೆ ಸ್ವಲ್ಪ ಎಣ್ಣೆಯ ಗುಣ ಇರುವುದರಿಂದ ಒಣ ಬಟ್ಟೆಯಲ್ಲಿ ಉಜ್ಜಿದರೂ ಹೊಳಪು ಬರುತ್ತದೆ. ವರ್ಷ ಕಳೆದಂತೆ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ ಈ ಯಾವುದನ್ನೂ ಮಾಡುವುದಿಲ್ಲ. ಗರಗಸ ಬಿಸಿಯಾದರೆ ಕರಗಿ ಹಲ್ಲಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಆದರೆ ದಂತ ಕೊಯ್ಯುವಾಗ ಬರುವ ವಾಸನೆ ಇದೆಯಲ್ಲ, ಅದನ್ನು ಯಾವ ಕೆಲಸಗಾರನೂ ಹೊಗಳುವುದಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಬರುವ ವಾಸನೆ ಅದು. ಯಾಕೆಂದರೆ ಅದೂ ಹಲ್ಲೇ. ಆನೆಯ ಮೇಲ್ದವಡೆಯ ಬಾಚಿಹಲ್ಲು. ಅದರ ಸುಮಾರು ಮೂರನೇ ಒಂದು ಭಾಗ ತಲೆಬುರುಡೆಯ ಒಳಗೆ ಹೂತಿರುತ್ತದೆ. ಬೇಟೆಗಾರ ಅದನ್ನು ಪೂರ್ತಿ ತೆಗೆಯುವುದು ಆನೆಯನ್ನು ಕೊಂದೇ.

ಈ ಕಲೆಗೆ ವಯಸ್ಸಾಗಿದೆ. ಸಾಂಚಿಯ ದಕ್ಷಿಣದ ತೋರಣದ ಮೇಲೆ, ಇದರ ಕೆತ್ತನೆ ಮಾಡಿದವರು ವಿದಿಶೆಯ ದಂತಕಾರರು ಅಂತ ಬರೆದಿದೆ. ಎರಡು ಸಾವಿರ ವರ್ಷದ ಮಾತು. ನಮ್ಮಲ್ಲೇ ಸಾಗರ, ಸೊರಬದ ಗುಡಿಗಾರರು ಗಂಧದ ಜೊತೆ ದಂತವನ್ನೂ ಕೆತ್ತಿದವರು. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋದವರು ದಂತ ಕೂರಿಸಿದ ಬೀಟೆ ಬಾಗಿಲು ನೋಡಿರುತ್ತೀರಿ. ಶ್ರೀರಂಗಪಟ್ಟಣದ ಗುಂಬಜ್‌ನಲ್ಲೂ ದಂತದ ಕೆಲಸ ಇರುವ ಕರಿಮರದ ಬಾಗಿಲುಗಳಿವೆ. ಟಿಪ್ಪುವಿನ ಸಮಾಧಿಗೆ ಅವನ್ನು ಕೊಟ್ಟಿದ್ದು ಬ್ರಿಟಿಷರ ಗವರ್ನರ್ ಜನರಲ್ ಡಾಲ್‌ಹೌಸಿ. ಇದು ಯಾವ ಲೆಕ್ಕವೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಕಾನೂನಿನ ವಿಷಯ. ನಿಮಗೆ ಗೊತ್ತಿರುವುದೇ, ಆದರೂ ಕೆಲಸಗಾರನ ಕಡೆಯಿಂದ ಒಂದ್ಸಲ ಕೇಳಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1977ರಲ್ಲಿ ಆನೆ ಅದರ ಒಂದನೇ ಶೆಡ್ಯೂಲ್‌ಗೆ, ಅಂದರೆ ಎಲ್ಲಕ್ಕಿಂತ ಹೆಚ್ಚು ರಕ್ಷಣೆ ಇರುವ ಪಟ್ಟಿಗೆ ಸೇರಿತು. 1986ರ ತಿದ್ದುಪಡಿ ನಮ್ಮ ದೇಶದ ದಂತದ ವ್ಯಾಪಾರ ನಿಲ್ಲಿಸಿತು, ಆದರೆ ಆಫ್ರಿಕಾದಿಂದ ತಂದ ದಂತಕ್ಕೆ ಬಾಗಿಲು ತೆರೆದೇ ಇತ್ತು. ನಮ್ಮ ಕಾರ್ಖಾನೆಯಲ್ಲಿ ಆಗ ಏನಾಯಿತು ಗೊತ್ತಾ? ಏನೂ ಆಗಲಿಲ್ಲ. ಬೆಳಿಗ್ಗೆ ಸೇಟು ತುಂಡು ತೂಕ ಮಾಡಿ ಕೊಡುತ್ತಿದ್ದರು, ಸಂಜೆ ಚೂರು, ಪುಡಿ ಎಲ್ಲ ಸೇರಿಸಿ ತೂಕ ಮಾಡಿ ವಾಪಸ್ ತೆಗೆದುಕೊಳ್ಳುತ್ತಿದ್ದರು. ಮೊದಲು ಹೇಗೋ ಹಾಗೇ. ಬದಲಾಗಿದ್ದು ಒಂದೇ ಮಾತು. ಯಾರಾದರೂ ಕೇಳಿದರೆ 'ಇದು ಆಫ್ರಿಕಾದ್ದು' ಅನ್ನಬೇಕು ಅಂತ ನಮಗೆ ಹೇಳಿಕೊಟ್ಟರು. ಆಫ್ರಿಕಾ ಎಲ್ಲಿದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅಬ್ಬಾನಿಗೂ ಗೊತ್ತಿರಲಿಲ್ಲ ಅನಿಸುತ್ತದೆ. ಕೆತ್ತಿ, ಪಾಲಿಶ್ ಮಾಡಿ, ಮರದೊಳಗೆ ಕೂರಿಸಿದ ಮೇಲೆ ಕಾಕನಕೋಟೆಯ ಆನೆ ಯಾವುದು, ಕೀನ್ಯಾದ ಆನೆ ಯಾವುದು ಅಂತ ಬರಿಗಣ್ಣಲ್ಲಿ ಯಾರು ಹೇಳುತ್ತಾರೆ?

ಆ ಕಿಂಡಿಯೂ ಮುಚ್ಚಿದ್ದು 1991ರ ಅಕ್ಟೋಬರ್ 2ರಂದು ಜಾರಿಗೆ ಬಂದ ತಿದ್ದುಪಡಿಯಿಂದ. ಹೊರಗಿನಿಂದ ತಂದ ದಂತವನ್ನು ಮಾರಿ ಮುಗಿಸಲು ಆರು ತಿಂಗಳ ಗಡುವು ಕೊಟ್ಟರು, ಮುಗಿಯಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು, ಬದುಕುವ ಹಕ್ಕು, ವ್ಯಾಪಾರದ ಹಕ್ಕು ಅಂತ ವಾದ ಮಾಡಿದರು. 1997ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ, 2003ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ನಿಷೇಧ ಉಳಿಯಿತು.

ಸರಿಯಾಗಿಯೇ ಉಳಿಯಿತು. ಇದನ್ನು ನಮ್ಮ ಮೊಹಲ್ಲಾದಲ್ಲಿ ನಿಂತು ಹೇಳಿದರೆ ಕೆಲವು ಹಿರಿಯರು ಇವತ್ತೂ ಮುಖ ತಿರುಗಿಸುತ್ತಾರೆ. ಆದರೂ ಹೇಳುತ್ತೇನೆ. ನಮ್ಮ ಏಷ್ಯಾದ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಿಗೆ ಮಾತ್ರ. ಹಾಗಾಗಿ ದಂತಕ್ಕೆ ಬೇಟೆ ಅಂದರೆ ಸಲಗಗಳ ಬೇಟೆ. ಕೇರಳದ ಪೆರಿಯಾರ್ ಕಾಡಿನಲ್ಲಿ 1980ರ ದಶಕದ ಕೊನೆಯ ಹೊತ್ತಿಗೆ ಬೆಳೆದ ಒಂದು ಗಂಡಿಗೆ ನೂರಕ್ಕೂ ಜಾಸ್ತಿ ಹೆಣ್ಣಾನೆಗಳಿದ್ದವು. ನೂರಕ್ಕೆ ಒಂದು! ನಾಗರಹೊಳೆ, ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಡೆಯೂ ಸಲಗಗಳಿಗೆ ಅದೇ ಕೆಟ್ಟ ಕಾಲ. ವೀರಪ್ಪನ್ ಗಂಧಕ್ಕೆ ಹೆಸರಾದ, ಆದರೆ ಅದಕ್ಕೂ ಮೊದಲು ಅವನು ಕೈ ಹಾಕಿದ್ದು ದಂತಕ್ಕೆ. ಅವನನ್ನು ಸರಿದಾರಿಗೆ ತರಲು ಹೋದ ನಿಮ್ಮದೇ ಇಲಾಖೆಯ ಅಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಅವನು ಕೊಂದಿದ್ದು 1991ರ ನವೆಂಬರ್‌ನಲ್ಲಿ. ಅಂದರೆ ದಂತದ ಕೊನೆಯ ಕಿಂಡಿ ಮುಚ್ಚುವ ತಿದ್ದುಪಡಿ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ.

ಅವನು ಕೊಂದ ಆನೆಯ ದಂತ ನಮ್ಮ ಕಾರ್ಖಾನೆಗೆ ಬಂದಿತ್ತಾ? ಗೊತ್ತಿಲ್ಲ. ಬಂದಿರಲಿಲ್ಲ ಅಂತ ಎದೆ ಮುಟ್ಟಿ ಹೇಳಲೂ ಆಗುವುದಿಲ್ಲ. ನಾವು ಕೇಳಲಿಲ್ಲ, ಅದೇ ನಮ್ಮ ತಪ್ಪು. ಕಾಡಿನಲ್ಲಿ ಗುಂಡು ಹಾರಿಸಿದವನು ಬೇರೆ, ಸಾಗಿಸಿದವನು ಬೇರೆ, ಮಾರಿದವನು ಬೇರೆ, ನಾವು ಬರೀ ಕೈಕೆಲಸದವರು ಅಂತ ಸಮಾಧಾನ ಮಾಡಿಕೊಂಡೆವು. ಆದರೆ ಕೊನೆಗೆ ಆ ಹಲ್ಲನ್ನು ಚೆಂದ ಮಾಡಿದ್ದು ನಮ್ಮ ಕೈ. ಚೆಂದ ಆಗಿದ್ದಕ್ಕೇ ಅದಕ್ಕೆ ಬೆಲೆ ಬಂದಿದ್ದು. ಇದು ಹಳೇ ಕಥೆಯೂ ಅಲ್ಲ. 2015ರಲ್ಲಿ ಕೇರಳದ ಮಲಯಾಟ್ಟೂರು ಕಾಡಿನ ಬೇಟೆಯ ಜಾಡು ಹಿಡಿದು ಹೋದ ಅಧಿಕಾರಿಗಳಿಗೆ ದೆಹಲಿಯಲ್ಲಿ ನಾನ್ನೂರು ಕಿಲೋಗೂ ಜಾಸ್ತಿ ದಂತ ಸಿಕ್ಕಿತು. ಅದರಲ್ಲಿ ಕೆತ್ತಿದ ವಿಗ್ರಹಗಳೂ ಇದ್ದವು. ಯಾರೋ ಒಬ್ಬ ಉಸ್ತಾದ್ ಆ ಮೂರ್ತಿಯ ಮುಖ ಕೊರೆಯುವಾಗಲೂ ಮಾತು ನಿಲ್ಲಿಸಿ, ಉಸಿರು ಬಿಗಿಹಿಡಿದು ಕೂತಿದ್ದಿರಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಸುಬಿನವರಲ್ಲೇ ಒಂದು ಬೇಡಿಕೆ ಆಗಾಗ ಏಳುತ್ತದೆ. 'ಕೊಲ್ಲುವುದು ಬೇಡ ಸ್ವಾಮಿ, ತಾನಾಗೇ ಸತ್ತ ಆನೆಯ ದಂತ ಇಲಾಖೆಯ ಹತ್ತಿರ ಇದೆಯಲ್ಲ, ಅದನ್ನಾದರೂ ಲೈಸೆನ್ಸ್ ಇರುವ ಕೆಲಸಗಾರರಿಗೆ ಕೊಡಿ' ಅಂತ. ಕೇಳಲು ನ್ಯಾಯವಾಗಿಯೇ ಇದೆ. ದಯವಿಟ್ಟು ಒಪ್ಪಬೇಡಿ. 1986ರಿಂದ 91ರವರೆಗೆ 'ಆಫ್ರಿಕಾದ್ದು' ಅನ್ನುವ ಒಂದು ಮಾತು ಏನೆಲ್ಲ ಮಾಡಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಇನ್ನು ಮುಂದೆ ಎಲ್ಲ ದಂತವೂ 'ತಾನಾಗೇ ಸತ್ತಿದ್ದು' ಆಗಿಬಿಡುತ್ತದೆ. 1999ರಲ್ಲಿ ಜಪಾನಿಗೆ, 2008ರಲ್ಲಿ ಜಪಾನ್ ಮತ್ತು ಚೀನಾಕ್ಕೆ ಆಫ್ರಿಕಾದ ಕೆಲವು ದೇಶಗಳು ಅಂತಾರಾಷ್ಟ್ರೀಯ ಒಪ್ಪಿಗೆ ಪಡೆದೇ ದಾಸ್ತಾನು ದಂತ ಮಾರಿದವು. ಎರಡನೇ ಮಾರಾಟ ಆದ ಮೇಲಿನ ವರ್ಷಗಳಲ್ಲಿ ಆಫ್ರಿಕಾದಲ್ಲಿ ಆನೆಗಳ ಮಾರಣಹೋಮ ನಡೆಯಿತು. ಮಾರಾಟವೇ ಕಾರಣವಾ ಅಂತ ತಿಳಿದವರು ಇನ್ನೂ ಜಗಳ ಆಡುತ್ತಾರೆ. ಆಡಲಿ. ಕೊನೆಗೆ ಚೀನಾ ಕೂಡ 2017ರ ಕೊನೆಗೆ ತನ್ನ ದಂತದ ಅಂಗಡಿಗಳನ್ನು ಮುಚ್ಚಿತು. ನಾವು ಮೊದಲೇ ಮುಚ್ಚಿದ್ದೇವೆ, ಮುಚ್ಚಿಯೇ ಇರಲಿ.

ಈಗ ನನ್ನ ದೂರಿಗೆ ಬರುತ್ತೇನೆ.

ಡಬ್ಬಿ ಸಿಕ್ಕ ಮೇಲೆ ಎರಡು ತಿಂಗಳು ನಿದ್ದೆ ಬರಲಿಲ್ಲ. ಇಟ್ಟುಕೊಂಡರೆ ಅಪರಾಧ. ಸುಟ್ಟರೆ, ಎಸೆದರೆ? ಅದೂ ಸರಿಯಲ್ಲ. ಒಬ್ಬ ಗೆಳೆಯ, 'ಕಾವೇರಿಗೆ ಬಿಸಾಕಿ ಸುಮ್ನೆ ಇರು' ಅಂದ. ಮನಸ್ಸು ಒಪ್ಪಲಿಲ್ಲ. 2024ರ ಜನವರಿಯಲ್ಲಿ, ಮನೆಯಲ್ಲಿ ಇರುವ ವನ್ಯಜೀವಿ ವಸ್ತುಗಳನ್ನು ಮೂರು ತಿಂಗಳೊಳಗೆ ಒಪ್ಪಿಸಬಹುದು ಅಂತ ಪೇಪರಿನಲ್ಲಿ ಓದಿದೆ. ಜೀವ ಬಂದ ಹಾಗಾಯಿತು. ಡಬ್ಬಿಯನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅನ್ನುವುದು ಇಲ್ಲಿ ಬೇಡ. ಅಲ್ಲಿದ್ದವರ ಮೇಲೆ ನನಗೆ ಹಗೆ ಇಲ್ಲ.

ಮೊದಲ ದಿನ, 'ಇದು ಇಲ್ಲಿ ಅಲ್ಲ, ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ' ಅಂದರು. ಎರಡನೇ ಸಲ ಹೋದಾಗ ಒಬ್ಬರು ಡಬ್ಬಿ ತೆರೆದು ನೋಡಿ, ಬಾಗಿಲ ಕಡೆ ಒಮ್ಮೆ ನೋಡಿ, 'ಎಲ್ಲಿಂದ ತಂದೆ? ಯಾವ ಆನೆದು? ಇನ್ನೂ ಎಷ್ಟಿದೆ ಮನೇಲಿ?' ಅಂತ ಶುರು ಮಾಡಿದರು. ಇಷ್ಟು ವಯಸ್ಸಾದವನನ್ನು ಏಕವಚನದಲ್ಲಿ. ಒಪ್ಪಿಸಲು ಬಂದವನು ನಾನು, ಸಿಕ್ಕಿಬಿದ್ದವನ ಹಾಗೆ ನಿಂತಿದ್ದೆ. ನನ್ನ ಹೆಸರು, ಮೊಹಲ್ಲಾದ ಹೆಸರು ಹೇಳಿದ ಮೇಲೆ ಪ್ರಶ್ನೆಗಳು ಇನ್ನೂ ಜಾಸ್ತಿ ಆದವು. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ. ಮೂರನೇ ಸಲ ಒಬ್ಬ ಹುಡುಗಿ ಇದ್ದಳು, ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು. 'ಕೂತ್ಕೊಳ್ಳಿ ಅಂಕಲ್' ಅಂದಳು. ತೂಕ ಮಾಡಿದಳು, ಬರೆದುಕೊಂಡಳು, ಚೀಟಿ ಕೊಟ್ಟಳು. ಚೀಟಿಯಲ್ಲಿ ಹೀಗಿದೆ: 'ದಂತದ ಚೂರುಗಳು, ಡಬ್ಬಿ 1.' ಶೀಷೆಯ ವಿಷಯ ಅದರಲ್ಲಿಲ್ಲ.

ನಾನು ಒಬ್ಬ. ನಮ್ಮ ಓಣಿಯಲ್ಲಿ ಇಂಥ ಹಳೇ ಪೆಟ್ಟಿಗೆ ಎಷ್ಟು ಮನೆಯಲ್ಲಿದೆಯೋ. ತಾತ ಉಳಿಸಿಟ್ಟ ಚೂರು, ಅರ್ಧ ಕೆತ್ತಿದ ಗೊಂಬೆ, ಮುರಿದ ಬಾಚಣಿಗೆ. ಅವರೆಲ್ಲ ನನ್ನ ಕಥೆ ಕೇಳಿದರು. ಕೇಳಿ ಸುಮ್ಮನಾದರು. ಯಾರೂ ಹೋಗಲಿಲ್ಲ.

ಕೇಂದ್ರದ ಕಾಯ್ದೆಗೆ 2022ರಲ್ಲಿ 42ಎ ಅಂತ ಒಂದು ಕಲಂ ಸೇರಿಸಿದ್ದಾರೆ. ವಸ್ತು ಬೇಡ ಅನ್ನುವವರು ಅದನ್ನು ಒಪ್ಪಿಸಬಹುದು. ಒಳ್ಳೆಯದೇ. ಆದರೆ ಅದು ಇರುವುದು ಮಾಲೀಕತ್ವದ ಸರ್ಟಿಫಿಕೇಟ್ ಇದ್ದವರಿಗೆ. ಸರ್ಟಿಫಿಕೇಟ್ ಯಾರ ಹತ್ತಿರ ಇರುತ್ತದೆ? ಎಸ್ಟೇಟ್ ಬಂಗಲೆಯ ಹಾಲಿನಲ್ಲಿ ಜೋಡಿ ದಂತ ನಿಲ್ಲಿಸಿಕೊಂಡವರ ಹತ್ತಿರ. ಆ ದಂತದಿಂದ ಉದುರಿದ ಪುಡಿಯನ್ನು ಡಬ್ಬಿಯಲ್ಲಿಟ್ಟ ಕೂಲಿಯವನಿಗೆ ಯಾವ ಸರ್ಟಿಫಿಕೇಟು? ಇಡೀ ದಂತ ಇಟ್ಟುಕೊಂಡವನು ಗೌರವಸ್ಥ, ಚೂರು ಇಟ್ಟುಕೊಂಡವನು ಆರೋಪಿ. ಇದು ನನ್ನ ಮೊದಲ ಮತ್ತು ದೊಡ್ಡ ದೂರು.

ಅದಕ್ಕೆ ನಾನು ಕೇಳುವುದು ಇಷ್ಟು. ಇನ್‌ಲೇ ಮತ್ತು ಕೆತ್ತನೆ ಕೆಲಸದ ಮನೆಗಳಿಗೆ ಇನ್ನೊಂದು ಅವಕಾಶ ಕೊಡಿ. ಮೂರು ತಿಂಗಳಲ್ಲ, ಒಂದು ವರ್ಷ. ಕಚೇರಿಗೆ ಬನ್ನಿ ಅನ್ನಬೇಡಿ, ಮೊಹಲ್ಲಾಕ್ಕೇ ಒಂದು ದಿನ ನಿಮ್ಮವರನ್ನು ಕಳಿಸಿ. ಶಾಲೆಯಲ್ಲೋ ಶಾದಿ ಮಹಲ್‌ನಲ್ಲೋ ಒಂದು ಮೇಜು ಹಾಕಿ, ತೂಕ ಮಾಡಿ, ಚೀಟಿ ಕೊಡಲಿ. ಸಾಗರ, ಸೊರಬ, ಶಿರಸಿ ಕಡೆಗೂ ಹೀಗೇ ಹೋಗಲಿ. ಕೊಟ್ಟವರ ಮೇಲೆ ಕೇಸಿಲ್ಲ ಅಂತ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆದು ಅಂಟಿಸಿ. ನಿಮ್ಮ ಕೈಯಲ್ಲಿ ಇಲ್ಲದ್ದು ದೆಹಲಿಯ ಕೈಯಲ್ಲಿದ್ದರೆ ಅವರಿಗೆ ಬರೆಯಿರಿ. ಒಂದು ಬಿಡಿಗಾಸೂ ಪರಿಹಾರ ಬೇಡ. ಪೆಟ್ಟಿಗೆಗಳು ಖಾಲಿಯಾದರೆ ಸಾಕು. ಇಲ್ಲದಿದ್ದರೆ ಒಂದಲ್ಲ ಒಂದು ದಿನ ಯಾವನೋ ಮೊಮ್ಮಗ ಮೊಬೈಲ್‌ನಲ್ಲಿ ಫೋಟೋ ಹಾಕಿ, 'ಹಳೇ ದಂತ ಇದೆ, ಎಷ್ಟಕ್ಕೆ ಹೋಗುತ್ತೆ?' ಅಂತ ಕೇಳುತ್ತಾನೆ. ಕೊಳ್ಳುವವನೂ ಸಿಗುತ್ತಾನೆ.

ಕೊಳ್ಳುವವನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಹೋದ ದಸರಾ ಹೊತ್ತಿಗೆ ಒಂದು ಅಂಗಡಿಗೆ ಮಾಲು ಕೊಡಲು ಹೋಗಿದ್ದೆ. ಅಲ್ಲಿದ್ದ ಸೇಲ್ಸ್ ಹುಡುಗ ಹೊರ ರಾಜ್ಯದ ದಂಪತಿಗೆ ನನ್ನದೇ ಫಲಕ ತೋರಿಸುತ್ತಾ, ದನಿ ತಗ್ಗಿಸಿ, 'ಸಾರ್, ಇದು ಹಳೇ ಪೀಸು, ಬ್ಯಾನ್‌ಗಿಂತ ಮುಂಚಿನದು, ಒರಿಜಿನಲ್ ದಂತ' ಅಂದ. ನಾನು ಅದರ ಬಿಳಿ ಭಾಗವನ್ನು ಹಿಂದಿನ ತಿಂಗಳಷ್ಟೇ ಪ್ಲಾಸ್ಟಿಕ್ ಹಾಳೆಯಿಂದ ಕೊಯ್ದಿದ್ದೆ. ಆ ಗಂಡಸಿನ ಕಣ್ಣು ಅರಳಿದ್ದು ನೋಡಬೇಕಿತ್ತು. ಇಡೀ ಫಲಕಕ್ಕೆ ಹನ್ನೊಂದು ದಿನದ ಕೆಲಸ ಹಿಡಿದಿತ್ತು. ನೂರಾರು ತುಂಡು, ಏಳು ಬಗೆಯ ಮರ. ಅವನು ಬೆರಳಿಟ್ಟಿದ್ದು ಮಾತ್ರ ಆ ಬಿಳಿ ಚುಕ್ಕೆಯ ಮೇಲೆ.

ಅರ್ಜುನ ಆನೆ ಸತ್ತಾಗ ನಮ್ಮ ಊರು ಹೇಗೆ ಅತ್ತಿತು, ನೆನಪಿದೆಯಾ? 2023ರ ಡಿಸೆಂಬರ್. ಎಂಟು ದಸರಾಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಬಿದ್ದ. ನನ್ನ ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಂಥ ಊರಿನ ಅಂಗಡಿಯಲ್ಲಿ 'ಒರಿಜಿನಲ್ ದಂತ' ಅನ್ನುವುದು ಇವತ್ತಿಗೂ ಬೆಲೆ ಏರಿಸುವ ಮಾತು. ನಿಜವಾದ ದಂತ ಇರಲಿ, ಸುಳ್ಳು ದಂತ ಇರಲಿ, ಆಸೆ ಒಂದೇ. ಆ ಆಸೆಯನ್ನು ಅಂಗಡಿಗಳು ನೀರೆರೆದು ಸಾಕುತ್ತಿವೆ. ನಿಷೇಧ ದಂತವನ್ನು ತೆಗೆಯಿತು, ಅದರ ಹೊಗಳಿಕೆಯನ್ನು ತೆಗೆಯಲಿಲ್ಲ.

ಹಾಗಾಗಿ ಇದೊಂದನ್ನು ಕಡ್ಡಾಯ ಮಾಡಿಸಿ. ಇನ್‌ಲೇ ಸಾಮಾನಿನ ಹಿಂದೆ ಒಂದು ಚೀಟಿ ಇರಬೇಕು. ಯಾವ ಯಾವ ಮರ, ಬಿಳಿ ಭಾಗ ಯಾವುದರದ್ದು, ಕೈಯಿಂದ ಮಾಡಿದ್ದಾ ಮಷಿನ್‌ನಿಂದ ಮಾಡಿದ್ದಾ, ಇಷ್ಟು ಅದರಲ್ಲಿ ಬರೆದಿರಲಿ. ಪ್ಲಾಸ್ಟಿಕ್ ಅಂದರೆ ಪ್ಲಾಸ್ಟಿಕ್ ಅಂತಲೇ ಬರೆಯಲಿ, ನಾಚಿಕೆ ಏನಿದೆ? ದಂತ ಅಂತ ಹೇಳಿ ಮಾರಿದವನು ಸುಳ್ಳು ಹೇಳಿದರೂ ನಿಜ ಹೇಳಿದರೂ ಕ್ರಮ ಆಗಲಿ. ನಿಜವಾದ ದಂತವನ್ನು ಗುರುತಿಸಲು ನಿಮ್ಮ ಇಲಾಖೆಗೆ ದಾರಿ ಇದೆ. ಅಡ್ಡ ಕೊಯ್ದ ಕಡೆ ಲೆನ್ಸ್ ಹಿಡಿದರೆ ಒಂದರ ಮೇಲೊಂದು ಹಾಯ್ದ ಗೆರೆಗಳ ಜಾಲ ಕಾಣುತ್ತದೆ. ಮೂಳೆಯಲ್ಲಿ ಗೆರೆ ಇಲ್ಲ, ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆ ಇರುತ್ತವೆ. ಪ್ಲಾಸ್ಟಿಕ್‌ನಲ್ಲಿ ಎರಡೂ ಇಲ್ಲ. ಇದನ್ನು ನಿಮ್ಮ ಸಿಬ್ಬಂದಿಗೆ ಅರ್ಧ ದಿನದಲ್ಲಿ ನಾನೇ ಕಲಿಸಿಕೊಡುತ್ತೇನೆ, ಬೇಕಾದರೆ.

ಮೊದಲು ಹೇಳಿ ಬಿಟ್ಟ ಮಾತಿಗೆ ಬರುತ್ತೇನೆ. ಮೈಸೂರು ರೋಸ್‌ವುಡ್, ಅಂದರೆ ಬೀಟೆ ಇನ್‌ಲೇಗೆ, ಇದು ಈ ಊರಿನದೇ ಕಸುಬು ಅನ್ನುವ ಜಿಐ ಗುರುತು ಸಿಕ್ಕಿದೆ. ಆದರೂ ಸಮಾರಂಭಗಳಲ್ಲಿ ನಿಮ್ಮಂಥವರ ಕೈಗೆ ಬರುವ ಎಷ್ಟೋ ಫಲಕಗಳಲ್ಲಿ ಇನ್‌ಲೇ ಇರುವುದಿಲ್ಲ. ಪ್ರಿಂಟ್ ಮಾಡಿ ಮೇಲೆ ಪಾಲಿಶ್ ಹೊಡೆದಿರುತ್ತಾರೆ, ಇಲ್ಲವೇ ಲೇಸರ್‌ನಲ್ಲಿ ಕೊಯ್ದು ಮೇಲೆ ಅಂಟಿಸಿರುತ್ತಾರೆ. ಮುಂದಿನ ಸಲ ಕೊಟ್ಟಾಗ ಬೆರಳಾಡಿಸಿ ನೋಡಿ. ಕೈಕೆಲಸದಲ್ಲಿ ತುಂಡು ಮರದೊಳಗೆ ಕೂತಿರುತ್ತದೆ, ಬೆರಳಿಗೆ ಅಂಚು ಸಿಗುವುದಿಲ್ಲ. ಇನ್ನು ನಮಗೆ ಬೀಟೆಯೂ ಸುಲಭಕ್ಕೆ ಸಿಗುವುದಿಲ್ಲ. ಡಿಪೋಗಳ ಹರಾಜಿನಲ್ಲಿ ದೊಡ್ಡ ದೊಡ್ಡ ದಿಮ್ಮಿ, ನಮಗೆ ಬೇಕಾಗಿದ್ದು ಎರಡು ಅಡಿ ಹಲಗೆ. ಫರ್ನಿಚರ್ ಅಂಗಡಿಯಲ್ಲಿ ಕೊಯ್ದು ಉಳಿದ ತುಂಡಿಗೆ ಕಾಯಬೇಕು. ಸಣ್ಣ ಲಾಟಿನಲ್ಲಿ ಕೆಲಸಗಾರರಿಗೆ ನೇರ ಕೊಡುವ ವ್ಯವಸ್ಥೆ ಮಾಡಿದರೆ ಉಪಕಾರ. ಹಾಗೇ ಒಂದು ಮಾತು: ಬೀಟೆಯ ಜಾತಿಗೂ 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡು ಬಂದಿದೆ. ಆನೆ ಆಯಿತು, ಈಗ ಮರದ ಸರದಿ. ಇನ್ನೂ ಕಾಡಿನಲ್ಲಿ ಮರ ಇರುವಾಗಲೇ ನಮ್ಮ ಕಸುಬಿಗೆ ಅಂತ ಒಂದಿಷ್ಟು ಬೀಟೆ ನೆಡಿಸಿ. ನಾನು ಕೊಯ್ಯುವುದಕ್ಕೆ ಇರುವುದಿಲ್ಲ, ಗೊತ್ತು. ಈ ಭಾಗಕ್ಕೆ ಕರಕುಶಲ ನೋಡಿಕೊಳ್ಳುವ ನಿಮ್ಮ ಪಕ್ಕದ ಕುರ್ಚಿಯವರ ಸಹಿಯೂ ಬೇಕಾಗಬಹುದು, ಅವರಿಗೂ ಒಂದು ಪ್ರತಿ ಕಳಿಸಿದ್ದೇನೆ.

1991ರಲ್ಲಿ ದಂತ ನಿಂತಾಗ ಮುಂದೆ ಏನು ಬಳಸಬೇಕು ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ. ಅಬ್ಬಾ ಮೊದಲು ಎಮ್ಮೆ ಮೂಳೆ ಪ್ರಯತ್ನ ಮಾಡಿದರು, ಮನೆಯೆಲ್ಲ ನಾರುತ್ತಿತ್ತು, ಅಮ್ಮಿ ಬೈದರು. ಆಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಅಬ್ಬಾ ಪ್ಲಾಸ್ಟಿಕ್ ಮೇಲೆ ಮುಖ ಕೊರೆಯಲೇ ಇಲ್ಲ. ಆ ಕೆಲಸ ನನಗೆ ಬಿಟ್ಟರು. ದಂತದ ಆಸೆಗೆ ಆ ಶೀಷೆ ಇಟ್ಟುಕೊಂಡಿದ್ದರಾ, ಅಥವಾ ಅಷ್ಟು ಕಷ್ಟಪಟ್ಟು ಕೊರೆದದ್ದನ್ನು ಎಸೆಯಲು ಮನಸ್ಸು ಬರಲಿಲ್ಲವಾ, ಕೇಳಲು ಅವರಿಲ್ಲ. ನಾನು ಎರಡನೆಯದು ಅಂದುಕೊಂಡಿದ್ದೇನೆ. ಈಗೀಗ ನಾನು ಪ್ಲಾಸ್ಟಿಕ್ ಬಿಟ್ಟು ಹಾಲೆ ಮರದಲ್ಲೇ ಮುಖ ಕೊರೆಯುತ್ತಿದ್ದೇನೆ. ಎಳೆ ಅಡ್ಡ ಬರುತ್ತದೆ, ಹತ್ತರಲ್ಲಿ ಮೂರು ಹಾಳಾಗುತ್ತವೆ. ಉಳಿದ ಏಳು ಚೆನ್ನಾಗಿ ಬರುತ್ತವೆ. ಪ್ಲಾಸ್ಟಿಕ್‌ಗಿಂತ ಚೆನ್ನಾಗಿ.

2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6,395 ಆನೆ ಇವೆ, ದೇಶದಲ್ಲೇ ಜಾಸ್ತಿ ಅಂತ ನಿಮ್ಮ ಇಲಾಖೆ ಹೇಳಿತು. ಆ ಸುದ್ದಿ ಬಂದ ದಿನ ನಮ್ಮ ಕಾರ್ಖಾನೆಯಲ್ಲಿ ಚಹಾ ತರಿಸಿ ಕುಡಿದೆವು. ಸುಮ್ನೆ, ಖುಷಿಗೆ.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ. ನನ್ನ ಡಬ್ಬಿಯ ಜೊತೆ ಹೋದ ಶೀಷೆ ನಿಮ್ಮ ಯಾವುದೋ ಕೋಣೆಯಲ್ಲಿ ಇರಬೇಕು. ದಯವಿಟ್ಟು ಹುಡುಕಿಸಿ. ಜನ ಓಡಾಡುವ ಯಾವುದಾದರೂ ಸಂಗ್ರಹಾಲಯದಲ್ಲಿ, ಗಾಜಿನೊಳಗೆ, ಬೀಗ ಹಾಕಿ ಇಡಿ. ಇವು ಎಂಥ ಚಿತ್ರಕ್ಕೆ, ಯಾವುದರಿಂದ ಕೊರೆದದ್ದು ಅಂತ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಸಿ. ಅದರ ಪಕ್ಕದಲ್ಲಿ ಇಡುವುದಕ್ಕೆ ಒಂದು ಫಲಕ ಮಾಡಿದ್ದೇನೆ. ಜಂಬೂ ಸವಾರಿ, ಎರಡು ಅಡಿ ಅಗಲ. ಎಲ್ಲ ಮರದ್ದೇ, ಆನೆಯ ದಂತವೂ ಹಾಲೆ ಮರದ್ದು. ದುಡ್ಡು ಬೇಡ. ಯಾವ ದಿನ, ಯಾವ ಕಚೇರಿಗೆ ತರಬೇಕು ಅಂತ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಇನ್‌ಲೇ ಕೆಲಸಗಾರ
ಮಂಡಿ ಮೊಹಲ್ಲಾ, ಮೈಸೂರು